ಮನೆಯಲ್ಲೇ ಹವಳದ ಅಕ್ವೇರಿಯಂ: ಮೀನು ಕೊಳ್ಳುವ ಮೊದಲು ಕಾನೂನು, ತೂಕ, ಕರೆಂಟ್ ಲೆಕ್ಕ ತಿಳಿದಿರಲಿ

ನೀಲಿ ಬೆಳಕಿನಲ್ಲಿ ಓಲಾಡುವ ಹವಳಗಳು, ಅವುಗಳ ನಡುವೆ ಕಿತ್ತಳೆ ಬಣ್ಣದ ಮೈಮೇಲೆ ಬಿಳಿ ಪಟ್ಟೆ ಹೊತ್ತ ಪುಟ್ಟ ಮೀನು. ಇನ್‌ಸ್ಟಾಗ್ರಾಂ ರೀಲ್ಸ್‌ನಲ್ಲಿ ಇಂಥ ದೃಶ್ಯ ಕಂಡು 'ನಮ್ಮ ಹಾಲ್‌ನಲ್ಲೂ ಹೀಗೊಂದು ಇದ್ದರೆ' ಎಂದುಕೊಳ್ಳುವವರು ಕಡಿಮೆಯೇನಿಲ್ಲ. 2003ರಲ್ಲಿ ಬಂದ 'ಫೈಂಡಿಂಗ್ ನೀಮೋ' ಸಿನಿಮಾದ ನಂತರ ಕ್ಲೌನ್‌ಫಿಶ್ ಅನ್ನು ಮಕ್ಕಳು ನೀಮೋ ಎಂದೇ ಕರೆಯುತ್ತಾರೆ. ಗೋಲ್ಡ್‌ಫಿಶ್, ಗಪ್ಪಿ ಸಾಕಿದವರಿಗೆ ಸಮುದ್ರದ ಮೀನು ಮುಂದಿನ ಮೆಟ್ಟಿಲಿನಂತೆ ಕಾಣುವುದೂ ಸಹಜ.

ಆದರೆ ಉಪ್ಪುನೀರಿನ ರೀಫ್ ಅಕ್ವೇರಿಯಂ ಬೇರೆಯದೇ ಲೆಕ್ಕ. ಇಲ್ಲಿ ಮೀನು ಕೊಳ್ಳುವುದು ಕೊನೆಯ ಕೆಲಸ. ಅದಕ್ಕೂ ಮೊದಲು ಕಾನೂನು, ಮನೆಯ ನೆಲದ ಸಾಮರ್ಥ್ಯ, ನೀರು, ಕರೆಂಟ್ ಇವೆಲ್ಲ ನಿರ್ಧಾರವಾಗಬೇಕು. ಈ ಕ್ರಮ ತಿರುವುಮುರುವಾದ ಮನೆಗಳಲ್ಲೇ ತೊಟ್ಟಿ ಕೆಲವು ತಿಂಗಳಲ್ಲಿ ಖಾಲಿಯಾಗುವುದು ಹೆಚ್ಚು.

ಎಲ್ಲ ಹವಳವನ್ನೂ ಸಾಕುವಂತಿಲ್ಲ

ವಿದೇಶಿ ಯೂಟ್ಯೂಬ್ ಚಾನೆಲ್‌ಗಳು ಹೇಳದ, ಭಾರತದಲ್ಲಿ ಇರುವವರು ಮೊದಲು ತಿಳಿಯಲೇಬೇಕಾದ ವಿಷಯ ಇದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿ ಹುಲಿ, ಆನೆಗಳ ಜೊತೆಗೆ ಹವಳಗಳೂ ಇವೆ. 2001ರಲ್ಲಿ ಸೇರಿಸಲಾದ ಈ ಪಟ್ಟಿಯಲ್ಲಿ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಆರ್ಗನ್ ಪೈಪ್ ಹವಳ, ಫೈರ್ ಕೋರಲ್ ಮತ್ತು ಬೀಸಣಿಗೆಯಂತೆ ಕಾಣುವ ಸೀ ಫ್ಯಾನ್ ಸೇರಿವೆ. ಕಡಲ ಕುದುರೆಗೂ ಇದೇ ರಕ್ಷಣೆ ಇದೆ. ಶೆಡ್ಯೂಲ್ 1ರ ಜೀವಿಗಳಿಗೆ ಸಂಬಂಧಿಸಿದ ಅಪರಾಧ ಸಾಬೀತಾದರೆ 3ರಿಂದ 7 ವರ್ಷ ಜೈಲು ಮತ್ತು ಕನಿಷ್ಠ 25 ಸಾವಿರ ರೂ. ದಂಡ.

ರೀಫ್ ಹವ್ಯಾಸಿಗಳು ಹೆಮ್ಮೆಯಿಂದ ತೋರಿಸುವ ಅಕ್ರೋಪೋರಾ, ಮೊಂಟಿಪೋರಾ, ಯೂಫಿಲಿಯಾ ಎಲ್ಲವೂ ಗಟ್ಟಿ ಹವಳದ ಗುಂಪಿನವು. 'ಇದು ಇಂಡೋನೇಷ್ಯಾದಿಂದ ಬಂದದ್ದು ಸಾರ್, ಏನೂ ಆಗಲ್ಲ' ಎಂಬ ಅಂಗಡಿಯವರ ಮಾತು ದಾಖಲೆಯಾಗದು. ಗಟ್ಟಿ ಹವಳಗಳು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲೂ ಇವೆ. ಸತ್ತ ಹವಳದ ತುಂಡಾದರೂ ಕಾನೂನು ಬಿಡುವುದಿಲ್ಲ. ಸಮುದ್ರದ ಹವಳದ ದಿಬ್ಬದಿಂದ ಒಡೆದು ತಂದು 'ಲೈವ್ ರಾಕ್' ಹೆಸರಿನಲ್ಲಿ ಮಾರುವ ಕಲ್ಲಿಗೂ ಇದೇ ತೊಡಕು.

ಹಾಗಾದರೆ ಉಳಿದದ್ದೇನು? ಮೆತ್ತನೆಯ ಗುಂಪಿನ ಜೋವಾಂತಿಡ್, ಮಶ್ರೂಮ್ ಕೋರಲ್, ಲೆದರ್ ಕೋರಲ್‌ಗಳು ಮೇಲೆ ಹೇಳಿದ ಗುಂಪುಗಳಿಗೆ ಸೇರಿಲ್ಲ. ಹೊಸಬರಿಗೆ ಸಾಕಲು ಸುಲಭವಾದವೂ ಇವೇ. ಹಾಗಿದ್ದರೂ ಜೀವಿಯ ಹೆಸರು ಬರೆದ ಬಿಲ್, ಆಮದಾಗಿದ್ದರೆ ಪರವಾನಗಿಯ ಪ್ರತಿ ಕೇಳಿ ಪಡೆಯುವುದು ಒಳ್ಳೆಯದು. ಸಂದೇಹವಿದ್ದರೆ ಅರಣ್ಯ ಇಲಾಖೆಯ ವನ್ಯಜೀವಿ ವಿಭಾಗದ ಕಚೇರಿಯಲ್ಲಿ ಕೊಳ್ಳುವ ಮುನ್ನವೇ ವಿಚಾರಿಸಬೇಕು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಹೋದವರು ನೆನಪಿಗೆಂದು ಒಂದು ತುಣುಕು ಹವಳ ಎತ್ತಿಕೊಂಡು ಬರುವುದಕ್ಕೂ ಇದೇ ಕಾಯ್ದೆ ಅನ್ವಯ.

ಫ್ಲ್ಯಾಟ್ ನೆಲ ತಡೆಯುತ್ತದೆಯೇ?

ಚಿಕ್ಕ ತೊಟ್ಟಿಯಿಂದ ಆರಂಭಿಸೋಣ ಎಂಬುದು ಎಲ್ಲರ ಲೆಕ್ಕಾಚಾರ. ಸಮುದ್ರದ ನೀರಿನ ವಿಷಯದಲ್ಲಿ ಇದು ಉಲ್ಟಾ. 30 ಲೀಟರಿನ ತೊಟ್ಟಿಯಲ್ಲಿ ಒಂದು ಲೀಟರ್ ನೀರು ಆವಿಯಾದರೂ ಉಪ್ಪಿನಂಶ ಏರುತ್ತದೆ, ಒಂದು ಬಸವನಹುಳು ಸತ್ತರೂ ನೀರು ಕೆಡುತ್ತದೆ. 200 ಲೀಟರ್ ಆಸುಪಾಸಿನ ತೊಟ್ಟಿ ತಪ್ಪುಗಳನ್ನು ಸ್ವಲ್ಪ ಮಟ್ಟಿಗೆ ಸಹಿಸಿಕೊಳ್ಳುತ್ತದೆ.

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಹಿಡಿಯುವುದು ಸುಮಾರು 240 ಲೀಟರ್. ನೀರಿನ ತೂಕವೇ ಹತ್ತಿರ ಹತ್ತಿರ 240 ಕೆ.ಜಿ. ಗಾಜು, ಕಲ್ಲು, ಮರಳು, ಸ್ಟ್ಯಾಂಡ್, ಕೆಳಗಿನ ಸಂಪ್ ತೊಟ್ಟಿ ಸೇರಿದರೆ 350ರಿಂದ 400 ಕೆ.ಜಿ. ಆಗುತ್ತದೆ. ಇಷ್ಟೂ ಭಾರ ಆರು ಚದರಡಿ ಜಾಗದ ಮೇಲೆ ಬೀಳುತ್ತದೆ. ಭಾರತೀಯ ಮಾನದಂಡದ ಪ್ರಕಾರ ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರಕ್ಕೆ ವಿನ್ಯಾಸ ಮಾಡಿರುತ್ತಾರೆ. ತೊಟ್ಟಿಯ ಅಡಿಯಲ್ಲಿ ಆ ಲೆಕ್ಕ ಮೂರು ಪಟ್ಟು ದಾಟುತ್ತದೆ. ಕೋಣೆಯ ಒಟ್ಟು ಭಾರ ಹಂಚಿಹೋಗುವುದರಿಂದ ತಕ್ಷಣ ಅಪಾಯ ಎಂದೇನಿಲ್ಲ, ಆದರೆ ತೊಟ್ಟಿಯನ್ನು ಕೋಣೆಯ ಮಧ್ಯೆ ಇಡದೆ ಬೀಮ್ ಇರುವ ಗೋಡೆಯ ಪಕ್ಕ ಇಡಬೇಕು. ಬಾಲ್ಕನಿ ಬೇಡವೇ ಬೇಡ. ಮುಂಬೈ, ಪುಣೆಯ ಹಳೆಯ ಕಟ್ಟಡಗಳಲ್ಲಿ ಇರುವವರು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ಜಾಗ ತೋರಿಸುವುದು ಲೇಸು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಮೊದಲೇ ಇರಲಿ. ನೀರು ಸೋರಿ ಕೆಳಗಿನ ಮನೆಯ ಸೀಲಿಂಗ್ ತೊಯ್ದ ಮೇಲೆ ಕೇಳುವ ಒಪ್ಪಿಗೆಗೆ ಅರ್ಥವಿಲ್ಲ.

ಬೀಚ್ ನೀರು, ಅಡುಗೆ ಉಪ್ಪು ಎರಡೂ ಬೇಡ

ಚೆನ್ನೈ, ಮುಂಬೈನಲ್ಲಿ ಇರುವವರಿಗೆ ಬರುವ ಮೊದಲ ಯೋಚನೆ: ಸಮುದ್ರ ಪಕ್ಕದಲ್ಲೇ ಇದೆಯಲ್ಲ, ಕ್ಯಾನ್ ತುಂಬಿಸಿಕೊಂಡು ಬಂದರಾಯಿತು. ಮಹಾನಗರಗಳ ದಡದ ನೀರಿನಲ್ಲಿ ಚರಂಡಿ ನೀರು, ಎಣ್ಣೆ, ಕೆಸರು ಬೆರೆತಿರುತ್ತದೆ. ಮಳೆಗಾಲದಲ್ಲಿ ಉಪ್ಪಿನಂಶವೂ ಇಳಿದಿರುತ್ತದೆ. ಅಡುಗೆ ಉಪ್ಪಿನಲ್ಲಿ ಇರುವುದು ಬಹುಪಾಲು ಸೋಡಿಯಂ ಕ್ಲೋರೈಡ್ ಮಾತ್ರ. ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಷಿಯಂ ಅದರಲ್ಲಿ ಸಾಕಷ್ಟು ಇರುವುದಿಲ್ಲ. ಅಕ್ವೇರಿಯಂಗೆಂದೇ ತಯಾರಾಗುವ ರೀಫ್ ಸಾಲ್ಟ್ ಬಳಸುವುದೇ ದಾರಿ.

ಉಪ್ಪು ಬೆರೆಸುವ ನೀರೂ ಶುದ್ಧವಾಗಿರಬೇಕು. ಹೈದರಾಬಾದ್, ಚೆನ್ನೈನ ಹಲವು ಬಡಾವಣೆಗಳ ಬೋರ್‌ವೆಲ್ ನೀರು ಗಡಸು. ಅಡುಗೆಮನೆಯ ಆರ್‌ಒ ಫಿಲ್ಟರ್ ನೀರು ಕುಡಿಯಲು ಸರಿ, ಆದರೆ ರುಚಿಗಾಗಿ ಅದರಲ್ಲಿ ಖನಿಜಾಂಶ ಉಳಿಸಿರುತ್ತಾರೆ. ರೀಫ್ ತೊಟ್ಟಿಗೆ ಆರ್‌ಒ ನಂತರ ಡಿಐ ರೆಸಿನ್ ಹಂತವೂ ಬೇಕು. ಅದರಿಂದ ಹೊರಬರುವ ನೀರಿನ ಟಿಡಿಎಸ್ ಸೊನ್ನೆ ತೋರಿಸಬೇಕು. ಫಿಲ್ಟರ್ ಹೊರಹಾಕುವ ನೀರನ್ನು ನೆಲ ಒರೆಸಲು, ಟಾಯ್ಲೆಟ್‌ಗೆ ಬಳಸಬಹುದು.

ಒಂದು ಲೀಟರ್ ನೀರಿಗೆ ಸುಮಾರು 35ರಿಂದ 38 ಗ್ರಾಂ ರೀಫ್ ಸಾಲ್ಟ್ ಬೇಕು. ಅಂದರೆ 200 ಲೀಟರಿಗೆ 7 ಕೆ.ಜಿ.ಗೂ ಮೇಲೆ. ರಿಫ್ರಾಕ್ಟೋಮೀಟರ್‌ನಲ್ಲಿ ಉಪ್ಪಿನಂಶ ಸಾವಿರಕ್ಕೆ 35 ಭಾಗ, ಅಂದರೆ ಸಾಂದ್ರತೆ 1.025-1.026 ಇರಬೇಕು. ಉಷ್ಣತೆ 25ರಿಂದ 27 ಡಿಗ್ರಿ, ಪಿಎಚ್ 8.1ರಿಂದ 8.4.

ಹೊಸಬರು ಎಡವುವ ಒಂದು ಜಾಗ ಇದೆ. ತೊಟ್ಟಿಯಿಂದ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ದಿನನಿತ್ಯ ಕಡಿಮೆಯಾದ ನೀರಿನ ಜಾಗಕ್ಕೆ ಸಿಹಿ ಆರ್‌ಒ-ಡಿಐ ನೀರನ್ನೇ ಹಾಕಬೇಕು, ಉಪ್ಪುನೀರನ್ನಲ್ಲ. ವಾರಕ್ಕೋ ಹದಿನೈದು ದಿನಕ್ಕೋ ಶೇ 10ರಷ್ಟು ನೀರು ತೆಗೆದು ಬದಲಾಯಿಸುವಾಗ ಮಾತ್ರ ಹೊಸ ಉಪ್ಪುನೀರು.

ಯಾವ ಉಪಕರಣಕ್ಕೆ ಹಣ ಹಾಕಬೇಕು?

ಉಪ್ಪುನೀರಿನ ತೊಟ್ಟಿಯ ವಿಶೇಷ ಸಾಧನ ಪ್ರೋಟೀನ್ ಸ್ಕಿಮ್ಮರ್. ಸಣ್ಣ ಸಣ್ಣ ಗುಳ್ಳೆಗಳನ್ನು ಎಬ್ಬಿಸಿ, ಮೀನಿನ ಮಲ ಮತ್ತು ಉಳಿದ ಆಹಾರದ ಅಂಶ ಕೊಳೆಯುವ ಮುನ್ನವೇ ನೊರೆಯಾಗಿ ಹೊರತೆಗೆಯುತ್ತದೆ. ಕಪ್‌ನಲ್ಲಿ ಸೇರುವ ಕಂದು ದ್ರವದ ವಾಸನೆ ನೋಡಿದವರಿಗೆ ಇದರ ಬೆಲೆ ಗೊತ್ತು. ಸ್ಟ್ಯಾಂಡ್ ಕೆಳಗಿನ ಸಂಪ್ ತೊಟ್ಟಿಯಲ್ಲಿ ಸ್ಕಿಮ್ಮರ್, ಹೀಟರ್, ಪಂಪ್ ಎಲ್ಲ ಅಡಗುತ್ತವೆ. ನೀರಿನ ಹರಿವಿಗೆ ವೇವ್‌ಮೇಕರ್ ಬೇಕು. ಮೆತ್ತನೆಯ ಹವಳಕ್ಕೆ ಗಂಟೆಗೆ ತೊಟ್ಟಿಯ ಗಾತ್ರದ 10ರಿಂದ 20 ಪಟ್ಟು ಹರಿವು ಸಾಕು.

ಲೈಟ್ ಅಲಂಕಾರಕ್ಕಲ್ಲ. ಹವಳದ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೆ ಕೊಡುತ್ತದೆ. ನೀರು ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದ ಸಮುದ್ರದಲ್ಲಿ ಆಗುವ ಬ್ಲೀಚಿಂಗ್ ನಮ್ಮ ಹಾಲ್‌ನಲ್ಲೂ ಆಗಬಹುದು. ನೀಲಿ ಅಂಶ ಹೆಚ್ಚಿರುವ ರೀಫ್ ಎಲ್‌ಇಡಿ, ದಿನಕ್ಕೆ 8ರಿಂದ 10 ಗಂಟೆ, ಟೈಮರ್ ಹಾಕಿ ಬಿಟ್ಟರೆ ಆಯಿತು.

ಅಮೆರಿಕ, ಯುರೋಪಿನ ಮಾರ್ಗದರ್ಶಿಗಳು ಹೀಟರ್ ಬಗ್ಗೆ ಪುಟಗಟ್ಟಲೆ ಬರೆಯುತ್ತವೆ. ನಮ್ಮಲ್ಲಿ ಚಿಂತೆ ಚಿಲ್ಲರ್‌ದು. ಚೆನ್ನೈನ ಮೇ ತಿಂಗಳಲ್ಲಿ ಕೋಣೆಯೇ 34 ಡಿಗ್ರಿ ಇದ್ದರೆ ತೊಟ್ಟಿ 27ಕ್ಕೆ ನಿಲ್ಲದು. ನೀರಿನ ಮೇಲ್ಮೈಗೆ ಗಾಳಿ ಬೀಸುವ ಸಣ್ಣ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸೀತು, ಅದಕ್ಕೆ ತಕ್ಕಂತೆ ನೀರೂ ಬೇಗ ಆವಿಯಾಗುತ್ತದೆ. ಅದರಿಂದಾಚೆಗೆ ಚಿಲ್ಲರ್ ಅನಿವಾರ್ಯ. ದೆಹಲಿಯವರಿಗೆ ಮಾತ್ರ ಎರಡೂ ಖರ್ಚು: ಬೇಸಿಗೆಗೆ ಚಿಲ್ಲರ್, ಜನವರಿಗೆ ಹೀಟರ್.

ಇನ್ನು ಬಿಲ್. 100 ವ್ಯಾಟ್ ಲೈಟ್ 9 ಗಂಟೆ, ಪಂಪ್-ಸ್ಕಿಮ್ಮರ್-ವೇವ್‌ಮೇಕರ್ ಸೇರಿ 60 ವ್ಯಾಟ್ ದಿನವಿಡೀ, 250 ವ್ಯಾಟ್ ಚಿಲ್ಲರ್ 8 ಗಂಟೆ ಓಡಿದರೆ ದಿನಕ್ಕೆ 4.3 ಯೂನಿಟ್, ತಿಂಗಳಿಗೆ ಸುಮಾರು 130 ಯೂನಿಟ್. ಇದನ್ನು ಮನೆಯ ಈಗಿನ ಬಿಲ್‌ಗೆ ಸೇರಿಸಿ ಸ್ಲ್ಯಾಬ್ ಯಾವುದಕ್ಕೆ ಏರುತ್ತದೆ ಎಂದು ನೋಡಿಕೊಳ್ಳಿ.

ಕರೆಂಟ್ ಹೋದಾಗ ಮೊದಲ ಶತ್ರು ಆಮ್ಲಜನಕದ ಕೊರತೆ. ಲೈಟ್, ಚಿಲ್ಲರ್ ನಿಂತರೂ ಕೆಲವು ಗಂಟೆ ನಡೆಯುತ್ತದೆ, ನೀರಿನ ಚಲನೆ ನಿಲ್ಲಬಾರದು. 10 ವ್ಯಾಟಿನ ಒಂದು ವೇವ್‌ಮೇಕರನ್ನು ಇನ್ವರ್ಟರ್‌ಗೆ ಜೋಡಿಸಿದರೆ ಸಾಕು. ಬ್ಯಾಟರಿ ಏರ್ ಪಂಪ್ ಕೂಡ ನಡೆದೀತು. ತೊಟ್ಟಿಯ ಸರ್ಕ್ಯೂಟ್‌ಗೆ ಆರ್‌ಸಿಸಿಬಿ ಇರಲೇಬೇಕು. ವೈರ್ ಪ್ಲಗ್‌ಗಿಂತ ಕೆಳಗೆ ಇಳಿದು ಮತ್ತೆ ಮೇಲೇರುವಂತೆ ಬಿಟ್ಟರೆ, ವೈರ್ ಗುಂಟ ಇಳಿದ ಉಪ್ಪುನೀರು ಸಾಕೆಟ್ ಮುಟ್ಟದೆ ನೆಲಕ್ಕೆ ತೊಟ್ಟಿಕ್ಕುತ್ತದೆ.

ಖಾಲಿ ತೊಟ್ಟಿಗೆ ಆರು ವಾರ

ಎಲ್ಲ ಜೋಡಿಸಿ ನೀರು ತುಂಬಿದ ಮೇಲೂ ಮೀನು ಬಿಡುವಂತಿಲ್ಲ. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾ ವಿಷ. ಅದನ್ನು ನೈಟ್ರೈಟ್ ಆಗಿ, ನಂತರ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಕಲ್ಲು, ಮರಳಿನಲ್ಲಿ ನೆಲೆಯೂರಲು 4ರಿಂದ 6 ವಾರ ಬೇಕು. ಮನುಷ್ಯರು ತಯಾರಿಸಿದ ಸೆರಾಮಿಕ್ ಕಲ್ಲು ಹಾಕಿ, ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಬೆರೆಸಿ, ಸ್ವಲ್ಪ ಅಮೋನಿಯಾ ಕೊಟ್ಟು ಕಾಯಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಮುಂದಿನ ಮಾತು. ನಡುವೆ ಕಂದು, ಹಸಿರು ಪಾಚಿ ಹಬ್ಬಿ ತೊಟ್ಟಿ ಕೊಳಕಾಗಿ ಕಾಣುತ್ತದೆ, ಮನೆಯವರು 'ಇದಕ್ಕಾ ಇಷ್ಟು ಖರ್ಚು' ಎನ್ನುತ್ತಾರೆ. ಎರಡನ್ನೂ ತಡೆದುಕೊಳ್ಳಬೇಕು.

ಮೊದಲ ಮೀನಾಗಿ ಒಂದು ಜೋಡಿ ಕ್ಲೌನ್‌ಫಿಶ್ ಉತ್ತಮ ಆಯ್ಕೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇವುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ತಂತ್ರಜ್ಞಾನ ರೂಪಿಸಿದೆ. ತೊಟ್ಟಿಯಲ್ಲಿ ಹುಟ್ಟಿದ ಮೀನು ಒಣ ಆಹಾರ ತಿನ್ನುತ್ತದೆ, ಸಮುದ್ರದಿಂದ ಹಿಡಿದದ್ದಕ್ಕಿಂತ ಗಟ್ಟಿಯಾಗಿರುತ್ತದೆ. ಕ್ಲೌನ್‌ಫಿಶ್ ಎಲ್ಲವೂ ಗಂಡಾಗಿಯೇ ಬೆಳೆಯುತ್ತವೆ, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ ಎಂಬುದು ಮಕ್ಕಳಿಗೆ ಹೇಳಬಹುದಾದ ಸ್ವಾರಸ್ಯ. ಸಿನಿಮಾದ ಡೋರಿ, ಅಂದರೆ ಬ್ಲೂ ಟ್ಯಾಂಗ್, ಅಂಗಡಿಯಲ್ಲಿ ಪುಟ್ಟದಾಗಿ ಕಂಡರೂ ಒಂದಡಿಯವರೆಗೆ ಬೆಳೆಯುತ್ತದೆ. ನಾಲ್ಕಡಿ ತೊಟ್ಟಿ ಅದಕ್ಕೆ ಜೈಲು. ಬಣ್ಣಕ್ಕೆ ಮರುಳಾಗಿ ಮ್ಯಾಂಡರಿನ್ ಮೀನು ತಂದರೆ, ಅದು ತಿನ್ನುವ ಜೀವಂತ ಸೂಕ್ಷ್ಮಜೀವಿಗಳಿಲ್ಲದೆ ಹೊಸ ತೊಟ್ಟಿಯಲ್ಲಿ ಉಪವಾಸ ಬಿದ್ದು ಸಾಯುತ್ತದೆ.

ಹೊಸ ಮೀನನ್ನು ನಾಲ್ಕು ವಾರ ಪ್ರತ್ಯೇಕ ತೊಟ್ಟಿಯಲ್ಲಿಟ್ಟು ಬಿಳಿಚುಕ್ಕೆ ರೋಗ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆ ರೋಗಕ್ಕೆ ಕೊಡುವ ತಾಮ್ರದ ಔಷಧಿ ಹವಳ, ಸಿಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ, ಹಾಗಾಗಿ ಮುಖ್ಯ ತೊಟ್ಟಿಯಲ್ಲಿ ಚಿಕಿತ್ಸೆ ಸಾಧ್ಯವಿಲ್ಲ. ಇನ್ನೊಂದು ಎಚ್ಚರಿಕೆ: ಕೆಲವು ಜೋವಾಂತಿಡ್‌ಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ತೀವ್ರ ವಿಷವಿದೆ. ಕೈಗವಸು ಹಾಕದೆ ಅವನ್ನು ಕತ್ತರಿಸಬೇಡಿ. ಅವು ಬೆಳೆದ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸುವ ಸಾಹಸವಂತೂ ಬೇಡ, ಆ ಹಬೆ ಉಸಿರಾಡಿದವರು ಆಸ್ಪತ್ರೆ ಸೇರಿದ ಉದಾಹರಣೆಗಳು ವಿದೇಶಗಳಲ್ಲಿ ದಾಖಲಾಗಿವೆ.

ಊರಿಗೆ ಹೋದಾಗ, ಊರು ಬಿಟ್ಟಾಗ

ದಸರಾಕ್ಕೋ ಬೇಸಿಗೆ ರಜೆಗೋ ಹತ್ತು ದಿನ ಊರಿಗೆ ಹೊರಟರೆ ತೊಟ್ಟಿಯ ಗತಿ? ಆವಿಯಾದ ನೀರನ್ನು ತಾನೇ ತುಂಬುವ ಆಟೋ ಟಾಪ್-ಅಪ್ ಸಾಧನ ಇಲ್ಲಿ ಅಗತ್ಯ. ದಿನದ ಆಹಾರವನ್ನು ಮಾತ್ರೆ ಡಬ್ಬಿಯಲ್ಲಿ ವಾರದ ಪ್ರಕಾರ ವಿಂಗಡಿಸಿಟ್ಟು ಪಕ್ಕದ ಮನೆಯವರ ಕೈಗೆ ಕೊಡಬೇಕು. ಇಡೀ ಡಬ್ಬಿ ಕೊಟ್ಟರೆ ಪ್ರೀತಿಯಿಂದಲೇ ಸುರಿದುಬಿಡುತ್ತಾರೆ. ಚಿಲ್ಲರ್ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ತೊಟ್ಟಿಯ ಮೇಲೆ ಬರೆದು ಅಂಟಿಸಿರಬೇಕು.

ವರ್ಗಾವಣೆಯಾಗಿ ಊರೇ ಬದಲಾದರೆ ಜೀವಿಗಳನ್ನು ಬೇರೆ ಹವ್ಯಾಸಿಗಳಿಗೆ ಇಲ್ಲವೇ ಅಂಗಡಿಗೆ ಕೊಡಬೇಕೇ ಹೊರತು ಸಮುದ್ರಕ್ಕೆ ಬಿಡಬಾರದು. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಮೂಲದ ಲಯನ್‌ಫಿಶ್ 1985ರಲ್ಲಿ ಅಮೆರಿಕದ ಫ್ಲೋರಿಡಾ ಕರಾವಳಿಯಲ್ಲಿ ಕಾಣಿಸಿಕೊಂಡಿತು. ಅಕ್ವೇರಿಯಂಗಳಿಂದ ಸಮುದ್ರ ಸೇರಿದ್ದೆಂದು ನಂಬಲಾದ ಆ ಮೀನು ಇಂದು ಕೆರಿಬಿಯನ್ ಸಮುದ್ರದ ಉದ್ದಗಲಕ್ಕೂ ಹರಡಿ ಅಲ್ಲಿನ ಹವಳದ ದಿಬ್ಬಗಳ ಸಣ್ಣ ಮೀನುಗಳನ್ನು ತಿಂದುಹಾಕುತ್ತಿದೆ.