ಮಧುಕ-ಮಧೂಕ ವಿವೇಕ

ಹುಮನಾಬಾದು ಬಸವಕಲ್ಯಾಣಗಳಿಗೆ ನೆರೆಯದಾದ ಘಾಟಬೋರಾಳದ ಸೀಮೆಯು ಹಿಂದೆ ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣದ ಪರಿಸರಕ್ಕೆ ಸೇರಿದುದು. ಆ ವಂಶದ ಅರಸರ ಕಾಲದಲ್ಲಿ ವೈದ್ಯವಿದ್ಯೆಯು ಕನ್ನಡಕ್ಕೆ ಇಳಿದುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಕ್ರಿ. ಶ. ೧೦೨೫ರ ಸುಮಾರಿನಲ್ಲಿ ಚಾವುಂಡರಾಯನು ‘ಲೋಕೋಪಕಾರ’ವನ್ನು ರಚಿಸಿದನು, ರಾಜಪುತ್ರನಾದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದನು, ೧೧೫೦ರ ಸುಮಾರಿನಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನನುಸರಿಸಿ, ಮದ್ಯಮಾಂಸಗಳನ್ನು ವರ್ಜಿಸಿದ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ನಿರ್ಮಿಸಿದನು. ಸಾಹಿತ್ಯಜ್ಞರು ಇಂತಹ ಗ್ರಂಥಗಳನ್ನು ಭಾಷೆಗಾಗಿ ಓದಿ, ದ್ರವ್ಯನಾಮಗಳ ವಿಚಾರವನ್ನು ವೈದ್ಯರ ಪಾಲಿಗೆ ಬಿಡುವುದುಂಟು. ಅದು ಯುಕ್ತವಲ್ಲವೆಂಬುದಕ್ಕೆ ಆಮಾಶಯವನ್ನು ಕಾಯುವ ಒಂದು ಬೇರಿನ ಚರಿತ್ರೆಯೇ ಸಾಕ್ಷಿ.

ಎದೆಯುರಿ, ಹುಳಿತೇಗು, ಅರುಚಿ ಮೊದಲಾದ ಲಕ್ಷಣಗಳುಳ್ಳ ಅಮ್ಲಪಿತ್ತಕ್ಕೆ ಚರಕಸಂಹಿತೆಯಲ್ಲಿ ಪ್ರತ್ಯೇಕವಾದ ಅಧ್ಯಾಯವಿಲ್ಲ. ಕಾಶ್ಯಪಸಂಹಿತೆಯಲ್ಲಿಯೂ ಮಾಧವನಿದಾನದಲ್ಲಿಯೂ ಅದು ಸ್ವತಂತ್ರ ರೋಗವಾಗಿ ನಿರೂಪಿತವಾಗಿದೆ. ಆದುದರಿಂದ ಶಾಸ್ತ್ರವು ಆದಿಯಲ್ಲಿಯೇ ಮುಗಿದುದಲ್ಲ, ಅನುಭವದಿಂದ ಬೆಳೆದುದು. ಅಮ್ಲಪಿತ್ತವೆಂದರೆ ಇಂದಿನ ಜಠರವ್ರಣವೇ ಎಂದು ಸಮೀಕರಿಸುವುದೂ ಸಾಧುವಲ್ಲ. ಅನ್ನವು ಜೀರ್ಣವಾಗುವಾಗ ಹುಟ್ಟುವ ಪರಿಣಾಮಶೂಲವನ್ನು ಮಾಧವನು ಬೇರೆಯಾಗಿಯೇ ಹೇಳಿದ್ದಾನೆ. ಪಿತ್ತಶಾಮಕವೂ ವ್ರಣಹಿತವೂ ಎಂದು ಪ್ರಾಚೀನರು ಮನ್ನಿಸಿದ ದ್ರವ್ಯಗಳಲ್ಲಿ ಯಷ್ಟಿಮಧುವು, ಎಂದರೆ ಕನ್ನಡದ ಅತಿಮಧುರವು, ಮುಖ್ಯವಾದುದು.

ಈ ಮಾತನ್ನು ನವೀನರು ಪರೀಕ್ಷಿಸಿದರು. ೧೯೪೬ರಲ್ಲಿ ಹಾಲೆಂಡಿನ ವೈದ್ಯ ರೇವರ್ಸನು ಈ ಬೇರಿನ ಸಾರದಿಂದ ಜಠರವ್ರಣವು ಶಮನವಾಗುವುದನ್ನೂ, ಕೆಲವು ರೋಗಿಗಳಿಗೆ ಬಾವು ಬರುವುದನ್ನೂ ಪ್ರಕಟಿಸಿದನು. ಇದರ ಗ್ಲಿಸಿರೈಜಿನ್ ಎಂಬ ಸಿಹಿವಸ್ತುವಿನ ಮೂಲದಿಂದ ಇಂಗ್ಲೆಂಡಿನಲ್ಲಿ ಕಾರ್ಬೆನೊಕ್ಸೊಲೋನ್ ಎಂಬ ಔಷಧವು ಸಿದ್ಧವಾಗಿ ೧೯೬೦ರ ದಶಕದಲ್ಲಿ ಬಳಕೆಗೆ ಬಂದಿತು. ಅದು ಆಮಾಶಯದ ಒಳಪೊರೆಯನ್ನು ಕಾಯುವ ಲೋಳೆಯನ್ನು ಹೆಚ್ಚಿಸುವುದು; ಆದರೆ ದೇಹದಲ್ಲಿ ಉಪ್ಪುನೀರುಗಳನ್ನು ನಿಲ್ಲಿಸಿ, ಪೊಟ್ಯಾಸಿಯಮ್ ಅಂಶವನ್ನು ಕಳೆದು, ರಕ್ತದ ಒತ್ತಡವನ್ನು ಏರಿಸುವುದು. ೧೯೮೨ರಲ್ಲಿ ವಾರನ್ ಮಾರ್ಷಲರು ವ್ರಣಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಬೆಳೆಸಿ ತೋರಿಸಿದ ಮೇಲೆ ಚಿಕಿತ್ಸೆಯ ಮಾರ್ಗವೇ ಬದಲಾಯಿತು. ಪೂರ್ವಿಕರ ಅನುಭವವು ಸುಳ್ಳಾಗಲಿಲ್ಲ, ಪೂರ್ಣವೂ ಆಗಲಿಲ್ಲ.

ಇನ್ನು ಪಾಠದ ವಿಚಾರ. ಯಷ್ಟಿಮಧುವಿಗೆ ‘ಮಧುಕ’ವೆಂಬುದು ಪ್ರಸಿದ್ಧ ನಾಮ, ‘ಮಧೂಕ’ವಾದರೋ ಹೂವಿನಿಂದ ಮದ್ಯವನ್ನು ಇಳಿಸುವ ಹಿಪ್ಪೆಯ ಮರ. ಇವೆರಡರ ಭೇದವು ಒಂದು ಮಾತ್ರೆಯಷ್ಟೇ. ಓಲೆಗರಿಗಳ ಲಿಪಿಕಾರರು ಹ್ರಸ್ವದೀರ್ಘಗಳನ್ನು ಎಲ್ಲೆಡೆಯೂ ಕಾಯ್ದುಕೊಂಡಿಲ್ಲವೆಂಬುದು ಪ್ರತಿಗಳನ್ನು ನೋಡಿದವರಿಗೆಲ್ಲ ತಿಳಿದ ಸಂಗತಿ. ಮದ್ಯವನ್ನು ವರ್ಜಿಸಿದ ಗ್ರಂಥದಲ್ಲಿ ಹಿಪ್ಪೆಯೋ ಅತಿಮಧುರವೋ ಎಂಬ ಸಂದೇಹವು ಸಣ್ಣದಲ್ಲ. ಇದಲ್ಲದೆ ಯಷ್ಟಿಮಧುವು ಕನ್ನಡನಾಡಿನ ಸಹಜ ಸಸ್ಯವಲ್ಲ. ಪಶ್ಚಿಮದ ದೇಶಗಳಿಂದ ವರ್ತಕರ ಮೂಲಕ ಬಂದುದು. ಅದು ದೊರೆಯದೆಡೆ ಬೇಲಿಯ ಗುಲಗಂಜಿಯ ಬೇರನ್ನು ಬದಲಿಗೆ ಕೊಡುವುದುಂಟು. ಆ ಬಳ್ಳಿಯ ಬೀಜವು ಘೋರವಾದ ವಿಷವೆಂಬುದನ್ನು ಮರೆಯಲಾಗದು.

ಕಾವ್ಯದಲ್ಲಿ ಒಂದು ಮಾತ್ರೆ ತಪ್ಪಿದರೆ ಛಂದಸ್ಸು ಕೆಡುವುದು. ವೈದ್ಯಗ್ರಂಥದಲ್ಲಿ ತಪ್ಪಿದರೆ ರೋಗಿಯ ಹೊಟ್ಟೆ ಕೆಡುವುದು. ಕಲ್ಯಾಣದ ಕಾಲದ ಶಾಸ್ತ್ರಕಾರರು ಲೋಕೋಪಕಾರಕ್ಕಾಗಿ ಕನ್ನಡಿಸಿದ ವಿದ್ಯೆಯನ್ನು ಸಂಪಾದಕರು ಪ್ರತ್ಯಂತರಗಳನ್ನು ಹೋಲಿಸಿ, ನಿಘಂಟುಗಳನ್ನು ನೋಡಿ, ಸಸ್ಯಜ್ಞರನ್ನು ಕೇಳಿ, ಸಂದೇಹವಿದ್ದೆಡೆ ಸಂದೇಹವನ್ನೇ ಸೂಚಿಸಿ ಮುದ್ರಿಸುವುದು ಕರ್ತವ್ಯವಾಗಿದೆ.