ಬಾಡಿಗೆಗೆ ಬರುತ್ತಿದ್ದ ಸಿನಿಮಾ ಪೆಟ್ಟಿಗೆ

ಸೋನಿಯ ಬೀಟಾಮ್ಯಾಕ್ಸ್ 1975ರಲ್ಲಿ ಬಂತು. ಮರುವರ್ಷವೇ ಜಪಾನಿನದೇ ಆದ ಜೆವಿಸಿಯ ವಿಎಚ್ಎಸ್. ಮೊದಲ ಬೀಟಾ ಕ್ಯಾಸೆಟ್ಟಿನಲ್ಲಿ ಹಿಡಿಯುತ್ತಿದ್ದುದು ಒಂದು ಗಂಟೆ, ವಿಎಚ್ಎಸ್‌ನಲ್ಲಿ ಎರಡು. ಹೆಚ್ಚು ಹೊತ್ತು ಓಡುವ ಕ್ಯಾಸೆಟ್ಟೇ ಕೊನೆಗೆ ಗೆದ್ದಿತು.

ಭಾರತದಲ್ಲಿ ವಿಸಿಆರ್‌ಗೆ ಬೇಡಿಕೆ ಕುದುರಿದ್ದು 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ಜೊತೆಗೆ ಬಣ್ಣದ ಟಿ.ವಿ. ಬಂದ ಮೇಲೆ. ಕೊಳ್ಳಲಾಗದವರಿಗೆ ಬಾಡಿಗೆಯ ದಾರಿಯಿತ್ತು. ಟಿ.ವಿ., ವಿಸಿಆರ್, ಮೂರ್ನಾಲ್ಕು ಕ್ಯಾಸೆಟ್ ಒಂದು ರಾತ್ರಿಗೆ ಬಂದರೆ ಓಣಿಗೆ ಓಣಿಯೇ ಬೆಳಗಿನವರೆಗೆ ಕೂರುತ್ತಿತ್ತು. ಸ್ವಂತಕ್ಕೆ ಕೊಳ್ಳುವವರಿಗೆ, ರೆಕಾರ್ಡ್ ಮಾಡದೆ ಬರೀ ತೋರಿಸುವ ವಿಸಿಪಿ ಅಗ್ಗವಾಗಿತ್ತು.

ಮಾನ್ವಿ ತಾಲ್ಲೂಕಿನ ಕುರ್ಡಿಯಂಥ ಬಯಲುಸೀಮೆಯ ಊರುಗಳಲ್ಲಿ ಇಂಥ ಯಂತ್ರಕ್ಕೆ ಧೂಳೇ ಶತ್ರು. ಒಳಗೆ ತಿರುಗುವ ಉರುಳೆಯ ಹೆಡ್ಡಿಗೆ ಧೂಳು ಕೂತರೆ ಚಿತ್ರ ಚುಕ್ಕಿ ಚುಕ್ಕಿಯಾಗುತ್ತದೆ. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸುವುದೇ ಮದ್ದು.

ಮುಂದೆ ಕೇಬಲ್ ಬಂತು, ಸಿ.ಡಿ. ಬಂತು. 2016ರ ಜುಲೈನಲ್ಲಿ ಜಪಾನಿನ ಫುನಾಯ್ ಕಂಪೆನಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ಸಿನಿಮಾಗಳೇನೋ ಬೇರೆ ಕಡೆ ಸಿಗುತ್ತವೆ. ಮನೆಯ ಮದುವೆಯ ಕ್ಯಾಸೆಟ್ಟು ಎಲ್ಲಿಯೂ ಸಿಗದು. ಟೇಪಿನ ಕಾಂತೀಯ ಲೇಪ ವರ್ಷ ಕಳೆದಂತೆ ಕೆಡುತ್ತದೆ, ಓಡಿಸುವ ಯಂತ್ರಗಳೂ ಕಡಿಮೆಯಾಗುತ್ತಿವೆ. ತೀರಿಹೋದ ಹಿರಿಯರ ನಡೆ, ನಗು, ದನಿ ಉಳಿಯಬೇಕಾದರೆ ಅಟ್ಟದ ಮೇಲಿನ ಕ್ಯಾಸೆಟ್ಟನ್ನು ಈಗಲೇ ಇಳಿಸಿ ಡಿಜಿಟಲ್ ಪ್ರತಿ ಮಾಡಿಸುವುದು ಒಳಿತು.