ಆರ್ಯಭಟನ ಗ್ರಂಥಗಳೂ ಪರವರ್ತಿಗಳ ಉಲ್ಲೇಖಗಳೂ

ಆರ್ಯಭಟನು ರಚಿಸಿದ ಜ್ಯೋತಿಷಗ್ರಂಥಗಳು ಎರಡೆಂದು ತಿಳಿದುಬರುತ್ತದೆ. ಅವುಗಳಲ್ಲಿ ಆರ್ಯಭಟೀಯವು ಸಮಗ್ರವಾಗಿ ಉಳಿದುಬಂದಿರುವುದು. ಕಲಿಯುಗದಲ್ಲಿ ೩೬೦೦ ವರ್ಷಗಳು ಸಂದಾಗ ತನಗೆ ೨೩ ವರ್ಷ ವಯಸ್ಸಾಗಿದ್ದಿತೆಂದು ಆತನೇ ಅದರಲ್ಲಿ ಹೇಳಿಕೊಂಡಿರುವನು; ಇದು ಕ್ರಿ. ಶ. ೪೯೯ಕ್ಕೆ ಸರಿಹೋಗುವುದು. ಈ ಗ್ರಂಥದಲ್ಲಿ ದಿನಾರಂಭವು ಲಂಕೆಯ ಸೂರ್ಯೋದಯದಿಂದ. ಇನ್ನೊಂದಾದ ಆರ್ಯಭಟಸಿದ್ಧಾಂತದಲ್ಲಿ ಅರ್ಧರಾತ್ರದಿಂದ. ಒಬ್ಬನೇ ಆಚಾರ್ಯನು ಎರಡು ವಿಧವಾಗಿಯೂ ಹೇಳಿರುವನೆಂಬುದನ್ನು ವರಾಹಮಿಹಿರನು ಪಂಚಸಿದ್ಧಾಂತಿಕೆಯಲ್ಲಿ ಸೂಚಿಸಿರುವನು. ಈ ಎರಡನೆಯ ಗ್ರಂಥದ ಪೂರ್ಣಪ್ರತಿಯು ದೊರೆತಿಲ್ಲ. ಅದರ ವಿಷಯವಾಗಿ ತಿಳಿದಿರುವುದು ಅನ್ಯರ ಮಾತುಗಳಿಂದಲೇ. ಆದುದರಿಂದ, ಪರವರ್ತಿಗಳ ಉಲ್ಲೇಖವು ಶಾಸ್ತ್ರಕಾರನೊಬ್ಬನನ್ನು ಎಷ್ಟರಮಟ್ಟಿಗೆ ಉಳಿಸುತ್ತದೆ, ಎಷ್ಟರಮಟ್ಟಿಗೆ ಮರೆಮಾಡುತ್ತದೆ ಎಂಬ ವಿಚಾರಕ್ಕೆ ಆರ್ಯಭಟನಿಗಿಂತ ಉತ್ತಮವಾದ ನಿದರ್ಶನವು ವಿರಳ.

ಆತನನ್ನು ವಿಸ್ತಾರವಾಗಿ ಉಲ್ಲೇಖಿಸಿದವರಲ್ಲಿ ಬ್ರಹ್ಮಗುಪ್ತನು ಮುಖ್ಯನು. ಆದರೆ ಅವನು ಅನುಯಾಯಿಯಲ್ಲ, ಪ್ರತಿವಾದಿ. ಕ್ರಿ. ಶ. ೬೨೮ರಲ್ಲಿ, ತನ್ನ ಮೂವತ್ತನೆಯ ವಯಸ್ಸಿನಲ್ಲಿ, ಬ್ರಾಹ್ಮಸ್ಫುಟಸಿದ್ಧಾಂತವನ್ನು ರಚಿಸಿ, ಅದರ ತಂತ್ರಪರೀಕ್ಷಾಧ್ಯಾಯದಲ್ಲಿ ಆರ್ಯಭಟನ ಯುಗವಿಭಾಗ, ಭೂಭ್ರಮಣ ಮೊದಲಾದ ಮತಗಳನ್ನು ಕಟುವಾಗಿ ಖಂಡಿಸಿದನು. ೩೭ ವರ್ಷಗಳ ತರುವಾಯ ಅವನೇ ಖಂಡಖಾದ್ಯಕವೆಂಬ ಕರಣಗ್ರಂಥವನ್ನು ಬರೆಯುವಾಗ ಆಧಾರವಾಗಿ ಹಿಡಿದುದು ಆರ್ಯಭಟನ ಅರ್ಧರಾತ್ರಪಕ್ಷವನ್ನೇ! ಮೂಲದ ಗಣಿತವು ವಿವಾಹ, ಜಾತಕ ಮುಂತಾದ ನಿತ್ಯವ್ಯವಹಾರಕ್ಕೆ ಒದಗಲಾರದುದರಿಂದ ಸಮಾನಫಲವನ್ನು ಕೊಡುವ ಲಘುಗ್ರಂಥವನ್ನು ಹೇಳುವೆನೆಂಬುದು ಆತನ ಸಮಾಧಾನ. ಲಘುವಾದುದು ಕೈಗೆ ಬಂದ ಮೇಲೆ ಗುರುವಾದುದನ್ನು ಪ್ರತಿಮಾಡುವ ಶ್ರಮವನ್ನು ಯಾರು ವಹಿಸುವರು? ಖಂಡಖಾದ್ಯಕಕ್ಕೆ ವ್ಯಾಖ್ಯಾನಗಳು ಹುಟ್ಟಿದುವು; ಅದು ಅರಬ್ಬರ ದೇಶದವರೆಗೂ ಹೋಯಿತು; ಮೂಲವು ಕಣ್ಮರೆಯಾಯಿತು. ಖಂಡಿಸಲ್ಪಟ್ಟ ಗ್ರಂಥವು ಉಳಿದು ಅನುಸರಿಸಲ್ಪಟ್ಟ ಗ್ರಂಥವು ಅಳಿದುದು ವಿಚಿತ್ರವೇ ಸರಿ. ಒಂದನೆಯ ಭಾಸ್ಕರನು ಮಹಾಭಾಸ್ಕರೀಯದಲ್ಲಿ ಕೊಟ್ಟಿರುವ ಪಕ್ಷಭೇದಗಳು, ಸೂರ್ಯಸಿದ್ಧಾಂತದ ವ್ಯಾಖ್ಯಾನದಲ್ಲಿ (೧೪೭೨) ರಾಮಕೃಷ್ಣ ಆರಾಧ್ಯನು ಎತ್ತಿಕೊಂಡಿರುವ ಯಂತ್ರವಿಷಯಕವಾದ ೩೪ ಶ್ಲೋಕಗಳು, ಇಂಥವೇ ಅದರ ಅವಶೇಷ.

ಮೂಲವನ್ನು ಕಾಣದೆ ಉಲ್ಲೇಖವನ್ನೇ ನಂಬಿದವರ ಪಾಡು ಬೇರೆ. ಆಲ್ಬೆರೂನಿಯು ಕ್ರಿ. ಶ. ೧೦೩೦ರ ಸುಮಾರಿನಲ್ಲಿ, ಆರ್ಯಭಟನ ಯಾವ ಗ್ರಂಥವೂ ತನಗೆ ದೊರೆಯಲಿಲ್ಲವೆಂದೂ ಬ್ರಹ್ಮಗುಪ್ತನ ಮೂಲಕವೇ ಅವನನ್ನು ಬಲ್ಲೆನೆಂದೂ ಬರೆದಿರುವನು. ಆರ್ಯಭಟೀಯದ ಕೊನೆಯ ಮೂರು ಪಾದಗಳಲ್ಲಿ ೧೦೮ ಆರ್ಯೆಗಳಿರುವುದರಿಂದ ಅದಕ್ಕೆ ಆರ್ಯಾಷ್ಟಶತವೆಂಬ ಹೆಸರು ಸಂದಿತು. ಅಷ್ಟಾಧಿಕವಾದ ಶತವೆಂದು ವಿಗ್ರಹಿಸಬೇಕಾದ ಈ ಸಮಾಸವನ್ನು ಐರೋಪ್ಯ ಪಂಡಿತರು ಎಂಟುನೂರೆಂದು ಗ್ರಹಿಸಿದ್ದರು. ಭಾವೂ ದಾಜಿಯವರು ಹಸ್ತಪ್ರತಿಗಳನ್ನು ಪರಿಶೀಲಿಸಿ ೧೮೬೫ರಲ್ಲಿ ಲೇಖನವನ್ನು ಪ್ರಕಟಿಸಿದ ಮೇಲೆ ಆ ಭ್ರಾಂತಿಗೆ ಎಡೆಯುಳಿಯಲಿಲ್ಲ. ಕನ್ನಡದಲ್ಲಿ ಜಾತಕತಿಲಕವನ್ನು (೧೦೪೯) ರಚಿಸಿದ ಶ್ರೀಧರಾಚಾರ್ಯನೂ ಆರ್ಯಭಟನನ್ನು ಹೆಸರಿಸಿರುವನು. ಜಾತಕಗ್ರಂಥದಲ್ಲಿ ಈ ಹೆಸರು ಬಂದಿರುವುದು ಆಚಾರ್ಯಗೌರವದ ಚಿಹ್ನೆಯೆಂದು ಎಣಿಸಬಹುದು.

ಇವೆಲ್ಲಕ್ಕಿಂತ ಮಹತ್ತ್ವದ್ದು ಪಾಠನಿರ್ಣಯದ ಸಂಗತಿ. ಒಂದು ಅಹೋರಾತ್ರಕ್ಕೆ ೨೧,೬೦೦ ಪ್ರಾಣಗಳು; ವೃತ್ತಕ್ಕೆ ೨೧,೬೦೦ ಕಲೆಗಳು. ಪ್ರಾಣವೊಂದಕ್ಕೆ ಕಲೆಯೊಂದರಂತೆ ತಿರುಗುವುದು ಯಾವುದು ಎಂಬುದನ್ನು ಗೀತಿಕಾಪಾದದಲ್ಲಿ ಆರ್ಯಭಟನು ಒಂದೇ ಪದದಿಂದ ಹೇಳಿರುವನು. ಪರಮೇಶ್ವರನ ಭಟದೀಪಿಕೆಯೊಡನೆ ಕೆರ್ನ್ ಪಂಡಿತರು ಲೈಡನ್ ನಗರದಲ್ಲಿ ೧೮೭೪ರಲ್ಲಿ ಅಚ್ಚುಮಾಡಿಸಿದ ಗ್ರಂಥದಲ್ಲಿ ಆ ಪದವು 'ಭಂ', ಎಂದರೆ ನಕ್ಷತ್ರಚಕ್ರ. ಬ್ರಹ್ಮಗುಪ್ತನು ಖಂಡನಾರ್ಥವಾಗಿ ಎತ್ತಿಕೊಂಡ ಮಾತಿನಲ್ಲಿ ಅದು 'ಭೂಃ', ಎಂದರೆ ಭೂಮಿ. ಎರಡೂ ಗುರುಗಳೇ ಆದುದರಿಂದ ಮಾತ್ರಾಗಣನೆಯು ತಪ್ಪುವುದಿಲ್ಲ. ಛಂದಸ್ಸು ಇಲ್ಲಿ ಸಾಕ್ಷಿ ಹೇಳಲಾರದು. ಅರ್ಥವೋ ಸಂಪೂರ್ಣವಾಗಿ ವಿಪರ್ಯಸ್ತವಾಗುವುದು. ಭೂಮಿಯು ಹೀಗೆ ಚಲಿಸುವುದಾದರೆ ಯಾವ ಮಾರ್ಗದಿಂದ ಎಲ್ಲಿಗೆ ಹೋಗುವುದು, ಉನ್ನತವಾದ ವಸ್ತುಗಳು ಏಕೆ ಬೀಳುವುದಿಲ್ಲ ಎಂದು ಬ್ರಹ್ಮಗುಪ್ತನು ಆಕ್ಷೇಪಿಸುವನು. ಮೂಲದಲ್ಲಿ 'ಭಂ' ಎಂದೇ ಇದ್ದಿದ್ದರೆ ಈ ಆಕ್ಷೇಪಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಗೋಳಪಾದದ ನೌಕಾದೃಷ್ಟಾಂತವೂ 'ಭೂಃ' ಎಂಬ ಪಾಠಕ್ಕೇ ಅನುಕೂಲವಾಗಿದೆ.

ಪಾಠವನ್ನು ತಿದ್ದಿದವರು ದ್ರೋಹಬುದ್ಧಿಯಿಂದ ತಿದ್ದಿದರೆನ್ನಲು ಆಧಾರವಿಲ್ಲ. ಭೂಮಿಯು ಅಚಲೆಯೆಂಬ ಲೋಕಸಮ್ಮತವಾದ ಮತಕ್ಕೆ ಆಚಾರ್ಯನು ವಿರುದ್ಧನಾಗಿ ತೋರಬಾರದೆಂಬ ಭಕ್ತಿಯೇ ಇದಕ್ಕೆ ಕಾರಣವಾಗಿರಬೇಕು. ಭಕ್ತರ ಕೈಯಲ್ಲಿ ಸಡಿಲಿದ ಪದವನ್ನು ಎದುರಾಳಿಯು ಬಿಗಿಯಾಗಿ ಹಿಡಿದಿಟ್ಟನು. ಖಂಡಿಸಬೇಕಾದವನಿಗೆ ಪರಮತವನ್ನು ಮೃದುಮಾಡುವುದರಿಂದ ಪ್ರಯೋಜನವಿಲ್ಲವಷ್ಟೆ. ಕ್ರಿ. ಶ. ೮೬೪ರ ಸುಮಾರಿನ ಪೃಥೂದಕಸ್ವಾಮಿಯು ಬ್ರಹ್ಮಗುಪ್ತನ ಗ್ರಂಥಕ್ಕೇ ವ್ಯಾಖ್ಯಾನವನ್ನು ಬರೆಯುತ್ತ ಈ ಸ್ಥಳದಲ್ಲಿ ಆರ್ಯಭಟನ ಪಕ್ಷವನ್ನು ವಹಿಸಿದುದು ಗಮನಾರ್ಹವಾಗಿದೆ. ಕ್ಲಾರ್ಕ್ ಪಂಡಿತರು ೧೯೩೦ರ ಆಂಗ್ಲಾನುವಾದದಲ್ಲಿ ಬ್ರಹ್ಮಗುಪ್ತನ ಉಲ್ಲೇಖವನ್ನೇ ಆಧರಿಸಿ 'ಭಂ' ಎಂಬುದನ್ನು ಬಿಟ್ಟರು. ಶುಕ್ಲ ಮತ್ತು ಶರ್ಮರು ೧೯೭೬ರಲ್ಲಿ ದೆಹಲಿಯಿಂದ ಹೊರತಂದ ಪರಿಷ್ಕರಣದಲ್ಲಿಯೂ ಮೂಲಪಾಠವಾಗಿ ಮುದ್ರಿತವಾಗಿರುವುದು 'ಭೂಃ' ಎಂಬುದೇ.